ಸುವಾದಲ್ಲಿ ನಮಗೆ ಯಾರಿದ್ದಾರೆ ಅಂದರೆ

ನನ್ನ ಇಲಿ ಜ್ವರ ಬಿಟ್ಟಿದೆ. ಕಿಡ್ನಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದೆ. ಡಯಾಲಿಸಿಸ್ ನಿಂತು ತಿಂಗಳುಗಳಾದವು, ಇನ್ನು ಅದರ ಅಗತ್ಯ ಇಲ್ಲ ಎಂದು ಡಾಕ್ಟರ್ ಹೋದ ವಾರ ಹೇಳಿದರು. ಕುಂದಾಪುರದಿಂದ ದಿನಾ ಫೋನ್ ಮಾಡಿದ ನೆಂಟರಿಗೆ, ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತ ಅತ್ತೆಗೆ, ಬೆಂಗಳೂರಿನಿಂದ ರಿಪೋರ್ಟ್ ನೋಡಿ ಧೈರ್ಯ ಹೇಳಿದ ಡಾಕ್ಟರ್ ಗೆಳೆಯನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆದರೆ ಈ ಬರಹ ಜಾಸ್ತಿ ಇರುವುದು ನಾವಿರುವ ಫಿಜಿ ದೇಶದ ರಾಜಧಾನಿ ಸುವಾದ, ಕನ್ನಡ ಬಾರದ ಕೆಲವರ ಬಗ್ಗೆ. "ಅಲ್ಲಿ ನಿಮ್ಗೆ ಅಂತ ಯಾರ್ ಇದ್ರ್ ಮಗಾ?" ಎಂದು ಅಮ್ಮ ಪ್ರತಿ ಫೋನಿನಲ್ಲೂ ಕೇಳುತ್ತಿದ್ದರು. ಆಗ ಉತ್ತರ ಹೇಳುವಷ್ಟು ತ್ರಾಣ ಇರಲಿಲ್ಲ. ಈಗ ಹೇಳುತ್ತೇನೆ.

ಫಿಜಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಸುವಾದಲ್ಲಂತೂ ಉಳಿದ ತಿಂಗಳುಗಳಲ್ಲೂ ಮಳೆಯೇ. ಕರಾವಳಿಯವನಿಗೆ ಮಳೆ ಹೊಸದಲ್ಲ. ಇಲಿ ಜ್ವರದ ಹೆಸರೂ ಹೊಸದಲ್ಲ. ಇಲಿ, ದನ, ಹಂದಿಗಳ ಮೂತ್ರ ಸೇರಿದ ನೀರು, ಕೆಸರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೆ ಸಾಕು. ನನಗೆ ಶುರುವಾಗಿದ್ದು ಮೀನಖಂಡದ ನೋವಿನಿಂದ. ಸಂಜೆ ಟಚ್ ರಗ್ಬಿ (ಎದುರಾಳಿಯನ್ನು ಕೆಡವದೆ ಬರೀ ಮುಟ್ಟಿ ಆಡುವ ರಗ್ಬಿ) ಆಡಿ ಬಂದ ನೋವೇ ಇರಬೇಕು ಎಂದು ಎಲ್ಲರೂ ನಕ್ಕೆವು. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ವೈರಲ್ ಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಪಕ್ಕದ ಮನೆಯ ಬುಬು ನನ್ನ ಕೆಂಪು ಕಣ್ಣು ನೋಡಿದ್ದೇ ತಡ, "ಈಗಲೇ ದೊಡ್ಡಾಸ್ಪತ್ರೆಗೆ ಹೊರಡು" ಎಂದರು. ಇಲ್ಲಿ ಅಜ್ಜಿಯರನ್ನೆಲ್ಲ ಬುಬು ಅನ್ನುತ್ತಾರೆ. ಅವರದು ಹಸು ಸಾಕುವ ತೈಲೇವು ಸೀಮೆ. ಈ ಜ್ವರ ಅವರ ಮನೆಯಲ್ಲೇ ಒಬ್ಬರನ್ನು ತೆಗೆದುಕೊಂಡು ಹೋಗಿತ್ತಂತೆ. ನಾನು ಆಸ್ಪತ್ರೆ ಸೇರುವ ಹೊತ್ತಿಗೆ ಮೂತ್ರ ನಿಂತೇಹೋಗಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಎದುರು ಮನೆಯ ಭಯ್ಯಾ ಟ್ಯಾಕ್ಸಿ ಓಡಿಸುತ್ತಾರೆ. ಅವರ ಮುತ್ತಜ್ಜ ಮದ್ರಾಸಿನಿಂದ ಹಡಗು ಹತ್ತಿ ಕಬ್ಬಿನ ಗದ್ದೆಗೆ ಬಂದವರು. 1879ರಿಂದ 1916ರವರೆಗೆ ಹೀಗೆ 60 ಸಾವಿರಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಭಾರತದಿಂದ ಇಲ್ಲಿಗೆ ಬಂದರು. ಭಯ್ಯಾ ಬೆಳಗ್ಗೆ ನನ್ನ ಹೆಂಡತಿಯನ್ನು ಆಸ್ಪತ್ರೆಗೆ ಬಿಟ್ಟು, ರಾತ್ರಿ ಮನೆಗೆ ಕರೆತರುತ್ತಿದ್ದರು. ಮೀಟರ್ ಹಾಕಲೇ ಇಲ್ಲ. ದುಡ್ಡಿನ ಮಾತೆತ್ತಿದರೆ ರೇಡಿಯೋ ಜೋರು ಮಾಡುತ್ತಿದ್ದರಂತೆ.

ಬುಬು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ದಿನ ಕೆಸುವಿನ ಸೊಪ್ಪನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ತಂದರು. ನರ್ಸ್ ತಡೆದರು. ಕಿಡ್ನಿ ಸೋತಾಗ ಪೊಟ್ಯಾಶಿಯಂ ಮೈಯಲ್ಲೇ ಉಳಿದು ಹೃದಯಕ್ಕೆ ಹೊಡೆತ. ಹಾಗಾಗಿ ಕೆಸು ಬೇಡ, ಬಾಳೆಹಣ್ಣು ಬೇಡ, ಎಳನೀರಂತೂ ಬೇಡವೇ ಬೇಡ. ಈ ದ್ವೀಪದಲ್ಲಿ ಮತ್ತೇನು ಉಳಿಯಿತು ಹೇಳಿ! ಬುಬು ಮುಖ ಊದಿಸಿಕೊಂಡು ಹೋದರು. ಮಾರನೇ ದಿನ ಮರಗೆಣಸು ತಂದರು. ಸಣ್ಣಗೆ ಹೆಚ್ಚಿ, ಕುದಿಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಕುದಿಸಿ, ಅದನ್ನೂ ಚೆಲ್ಲಿದ್ದರು. ಹೀಗೆ ಮಾಡಿದರೆ ಪೊಟ್ಯಾಶಿಯಂ ಇಳಿಯುತ್ತದೆ ಎಂದು ನರ್ಸ್ ಹತ್ತಿರವೇ ಕೇಳಿ ತಿಳಿದುಕೊಂಡಿದ್ದರು. ರುಚಿ? ಒದ್ದೆ ರಟ್ಟು ತಿಂದ ಹಾಗಿತ್ತು. ಅವರು ಎದುರಿಗೇ ಕೂತಿದ್ದರು, ಪೂರ್ತಿ ತಿಂದೆ.

ಇವರೆಲ್ಲ ನನಗೆ ಹತ್ತಿರವಾದದ್ದು ರಗ್ಬಿಯಿಂದ. ನಾವು ಬಂದ ಹೊಸತರಲ್ಲೇ, 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಚಂಡಮಾರುತ ಬಡಿಯಿತು. 44 ಜನ ಸತ್ತರು. ಅದೇ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್. ಸೆವೆನ್ಸ್, ಅಂದರೆ ಏಳೇಳು ಜನ ಆಡುವ ರಗ್ಬಿಯ ಫೈನಲ್ ಇಲ್ಲಿಯ ಗಡಿಯಾರಕ್ಕೆ ಬೆಳಗ್ಗೆ 10 ಗಂಟೆಗೆ. ಬುಬು ಬಾಗಿಲು ಬಡಿದು ನಮ್ಮಿಬ್ಬರನ್ನೂ ಟಿವಿ ಮುಂದೆ ಕೂರಿಸಿದರು. ನಿಯಮ ಒಂದೂ ಗೊತ್ತಿರಲಿಲ್ಲ. ಫಿಜಿ 43–7ರಿಂದ ಬ್ರಿಟನ್ನನ್ನು ಮಣಿಸಿತು. ಈ ದೇಶಕ್ಕೆ ಅದು ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಆಟಗಾರರು ಮಂಡಿಯೂರಿ, ಅಂಗೈ ಕುಳಿ ಮಾಡಿ ಚಪ್ಪಾಳೆ ತಟ್ಟಿ ಪದಕ ಪಡೆದರು. ಇಲ್ಲಿ ದೊಡ್ಡವರ ಮುಂದೆ ನಡೆದುಕೊಳ್ಳುವ ರೀತಿ ಅದು. ಮರುವರ್ಷ ಸರ್ಕಾರ ಆ ತಂಡದ ನೆನಪಿಗೆ 7 ಡಾಲರ್ ನೋಟನ್ನೇ ಅಚ್ಚು ಹಾಕಿಸಿತು. ಒಂದು ನೋಟು ನಮ್ಮ ದೇವರ ಗೂಡಿನಲ್ಲಿದೆ.

ಆಮೇಲೆ ಬಿಡಲಿಲ್ಲ. 2023ರ ರಗ್ಬಿ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು 22–15ರಿಂದ ಸೋಲಿಸಿದಾಗ ಬೀದಿಗಿಳಿದು ಕುಣಿದೆವು. 1954ರ ನಂತರ ಅವರ ಮೇಲೆ ಅದೇ ಮೊದಲ ಗೆಲುವು. ಪೋರ್ಚುಗಲ್ ಎದುರು ಒಂದೇ ಅಂಕದಿಂದ ಸೋತ ಬಗ್ಗೆ ನಮ್ಮ ಬೀದಿಯಲ್ಲಿ ಈಗಲೂ ಮಾತಾಡುವಂತಿಲ್ಲ. ಕ್ವಾರ್ಟರ್ ಫೈನಲ್ ದಿನ ಬೆಳಗಿನ ಜಾವ 3 ಗಂಟೆಗೆ ಎಲ್ಲರೂ ಬುಬು ಮನೆಯ ಚಾಪೆಯ ಮೇಲೆ. 10–24 ಹಿಂದಿದ್ದವರು 24–24ಕ್ಕೆ ಬಂದರು. ಕೊನೆಗೆ ಇಂಗ್ಲೆಂಡ್ 30–24ರಿಂದ ಗೆದ್ದಿತು. ಯಾರೂ ಎದ್ದು ಮನೆಗೆ ಹೋಗಲಿಲ್ಲ. ಅಲ್ಲೇ ಚಹಾ ಕುಡಿದು ಕೆಲಸಕ್ಕೆ ಹೊರಟೆವು.

ಭಾರತ ಮೂಲದವರದು ಫುಟ್‌ಬಾಲ್, ಮೂಲನಿವಾಸಿಗಳದು ರಗ್ಬಿ ಎನ್ನುವುದು ಇಲ್ಲಿಯ ಹಳೇ ಮಾತು. 1987ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಭಾರತ ಮೂಲದ ಸಾವಿರಾರು ಜನ ದೇಶ ಬಿಟ್ಟರು. ಭಯ್ಯಾನ ಇಬ್ಬರು ಅಣ್ಣಂದಿರೂ ಅವರಲ್ಲಿದ್ದರು. ರಗ್ಬಿ ಅದನ್ನೆಲ್ಲ ಮರೆಸಿಬಿಟ್ಟಿತು ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಆದರೆ ವಾರ್ಡಿನಲ್ಲಿ ನನ್ನ ಮಂಚದ ಒಂದು ಪಕ್ಕ ಭಯ್ಯಾ, ಇನ್ನೊಂದು ಪಕ್ಕ ಟಚ್ ತಂಡದ ಹುಡುಗರು ಕೂತು, ಫಿಜಿಯ ಕ್ಲಬ್ ತಂಡ ಡ್ರುವಾ 2023ರಲ್ಲಿ ಇಲ್ಲಿಯ ಲೌಟೋಕಾ ಊರಿನಲ್ಲಿ ನ್ಯೂಜಿಲೆಂಡಿನ ಕ್ರುಸೇಡರ್ಸ್ ತಂಡವನ್ನು 25–24ರಿಂದ ಸೋಲಿಸಿದ ಮ್ಯಾಚನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಫಲಿತಾಂಶ ಗೊತ್ತಿದ್ದೂ ಕೊನೇ ಪೆನಾಲ್ಟಿ ಕಿಕ್‌ಗೆ ಇಡೀ ವಾರ್ಡ್ ಉಸಿರು ಬಿಗಿ ಹಿಡಿಯುತ್ತಿತ್ತು. ಗದರಿಸಲು ಬಂದ ನರ್ಸ್ ಕೂಡ ಅದೊಂದು ಕಿಕ್ ನೋಡಿಯೇ ಗದರಿಸುತ್ತಿದ್ದರು. ಹಗಲೂ ರಾತ್ರಿ ಡಯಾಲಿಸಿಸ್ ಯಂತ್ರದ ಪಕ್ಕ ನಿಂತ ಆ ನರ್ಸ್‌ಗಳಿಗೆ ನನ್ನ ದೊಡ್ಡ ನಮಸ್ಕಾರ.

2025ರ ಜುಲೈ 12ಕ್ಕೆ ಸ್ಕಾಟ್ಲೆಂಡ್ ತಂಡ ಸುವಾಕ್ಕೆ ಬಂದಿತ್ತು. ದೊಡ್ಡ ತಂಡಗಳು ಈ ದ್ವೀಪಗಳಿಗೆ ಬರುವುದೇ ಅಪರೂಪ. ಇಲ್ಲಿಯ ಹುಡುಗರು ಬೇಕು, ಇಲ್ಲಿಯ ಮೈದಾನ ಬೇಡ. ಸಮೋವಾ ಮೂಲದ ಎಷ್ಟೋ ಆಟಗಾರರನ್ನು ಆಡಿಸಿದ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡ ಸಮೋವಾದಲ್ಲಿ ಮೊದಲ ಟೆಸ್ಟ್ ಆಡಿದ್ದು 2015ರಲ್ಲಿ! ಅದಿರಲಿ. ಹುಡುಗರು ನನಗೂ ಟಿಕೆಟ್ ತಂದಿದ್ದರು. ಭಯ್ಯಾ ಗೇಟಿನವರೆಗೂ ಕಾರು ತಂದರು. ಬುಬು ನೆರಳಿನ ಜಾಗ ಹಿಡಿದು, ಪಕ್ಕದವರಿಗೆಲ್ಲ "ಇವನ ಕಿಡ್ನಿ ನಾನೇ ಉಳಿಸಿದ್ದು" ಎಂದು ಹೇಳಿಕೊಂಡು ಕೂತಿದ್ದರು. ಸುಳ್ಳೇನಲ್ಲ. ಫಿಜಿ 29–14ರಿಂದ ಗೆದ್ದಿತು.

ಯಂಗೋನಾ, ಅಂದರೆ ಇಲ್ಲಿಯವರು ಒಟ್ಟಿಗೆ ಕೂತು ಕುಡಿಯುವ ಕಾವಾ ಬೇರಿನ ಪಾನೀಯ, ಕುಡಿಯಲು ಡಾಕ್ಟರ್ ಇನ್ನೂ ಒಪ್ಪಿಲ್ಲ. ಸಂಜೆ ಬಟ್ಟಲಿನ ಸುತ್ತ ಕೂತವರಲ್ಲಿ ನನ್ನ ತೆಂಗಿನ ಚಿಪ್ಪಿಗೆ ಮಾತ್ರ ಬರೀ ನೀರು. 2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿದೆ, ನಮ್ಮ ಬೀದಿಯಿಂದ ಒಂದು ದಂಡೇ ಹೊರಡುವ ಯೋಚನೆ ನಡೆದಿದೆ. ಬುಬು ಟಿಕೆಟ್ ಮತ್ತು ವಿಮಾನದ ಖರ್ಚು ನಮ್ಮದು. ಈ ಸಲ ಬೇಡ ಅನ್ನಲು ಬಿಡುವುದಿಲ್ಲ.