ಜಗಲಿಯ ದೀಪದ ವಿಷಯವಾಗಿ

ಚಿ. ಸೌ. ಪುಟ್ಟಿಗೆ ತೀರ್ಥಹಳ್ಳಿಯಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿಯ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ. ಅದನ್ನು ಮತ್ತೆ ಬರೆಯುವುದಿಲ್ಲ. ಮಹಡಿಯ ಮನೆಯ ಹುಡುಗರ ಕುಡಿತ, ನಡುರಾತ್ರಿಯ ಹಾಡು, ಮೆಟ್ಟಿಲ ಮೇಲಿನ ಬಾಟಲಿಗಳು, ಇವನ್ನೆಲ್ಲ ನಿನ್ನ ಪತ್ರದಲ್ಲಿ ಓದಿ ಬೇಸರವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ. ಆದರೆ ಯಜಮಾನರು ರಾತ್ರಿ ಪಾಳಿಗೆ ಹೋದ ದಿನ, ನೀನು ಒಳಗಿರುವುದು ಆ ಹುಡುಗರಿಗೆ ತಿಳಿಯಬಾರದೆಂದು ಜಗಲಿಯ ದೀಪವನ್ನೇ ಹಚ್ಚುವುದಿಲ್ಲವೆಂದು ಕೊನೆಗೊಂದು ಸಾಲು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. ತಿಂಗಳು ತಪ್ಪದೆ ಬಾಡಿಗೆ ಕೊಡುವ ಮನೆಯಲ್ಲಿ ಕಳ್ಳರಂತೆ ಅಡಗಿ ಕೂರಬೇಕಾದವಳು ನೀನೇ?

ಮದುವೆಯಾದ ಹೊಸತರಲ್ಲಿ ನಾವು ಶಿವಮೊಗ್ಗದ ದುರ್ಗಿಗುಡಿಯ ಒಂದು ವಠಾರದಲ್ಲಿದ್ದೆವು. ಕೊನೆಯ ಮನೆಯವನು ಕುಡಿದು ಬಂದು ನಲ್ಲಿಯ ಹತ್ತಿರ ನಿಂತು ಹೆಂಗಸರ ಮೇಲೆ ಬಾಯಿಗೆ ಬಂದಂತೆ ಕೂಗಾಡುತ್ತಿದ್ದ. ನಿನ್ನ ದೊಡ್ಡಮ್ಮ ಬೆಳಕು ಹರಿಯುವ ಮೊದಲೇ ನೀರು ತುಂಬಿಸಿಡುತ್ತಿದ್ದಳು. ಅದು ಅವಳ ಶಿಸ್ತೆಂದು ನಾನು ನಾಲ್ಕು ಜನರ ಮುಂದೆ ಹೊಗಳುತ್ತಿದ್ದೆ. ಅದು ಶಿಸ್ತಲ್ಲ, ಹೆದರಿಕೆ ಎಂದು ಅವಳು ನನಗೆ ಹೇಳಿದ್ದು ನಾವು ಊರಿಗೆ ಬಂದು ಎಷ್ಟೋ ವರ್ಷಗಳ ಮೇಲೆ, ಯಾವುದೋ ಬೇರೆ ಮಾತಿನ ನಡುವೆ. ಇಂದಿಗೂ ಅವಳು ಸಂಜೆಯಾದ ಮೇಲೆ ಬಾವಿಕಟ್ಟೆಗೆ ಹೋಗುವುದಿಲ್ಲ. ಈ ಹಿತ್ತಿಲಿಗೆ ಯಾವ ಕುಡುಕ ಬರುತ್ತಾನೆ, ಹೇಳು. ನಿನ್ನ ದೀಪದ ಸಾಲು ಓದಿದಾಗ ನನಗೆ ನೆನಪಾದದ್ದು ಇದು. ಗಲಾಟೆ ಮಾಡಿದವರು ಮನೆ ಬಿಟ್ಟು ಹೋದರೂ ಅವರಿಗಾಗಿ ಮಾಡಿಕೊಂಡ ಅಭ್ಯಾಸ ನಮ್ಮಲ್ಲಿ ಉಳಿದುಬಿಡುತ್ತದೆ.

ಕಚೇರಿಯಲ್ಲಿ ಅರ್ಜಿಗಳ ನಡುವೆಯೇ ಮುದುಕನಾದವನು ನಾನು, ಅದರಾಚೆಗೆ ಹೇಳಲು ನನಗೆ ಹೆಚ್ಚು ತಿಳಿಯದು. ತಿಳಿದಷ್ಟು ಬರೆಯುತ್ತೇನೆ, ಬೇಡವೆನಿಸಿದರೆ ಬಿಡು. ಕುಡಿದವರೊಡನೆ ರಾತ್ರಿ ಹೊತ್ತು ಮಾತಿಗೆ ನಿಲ್ಲಬೇಡ. ಬಾಗಿಲು ಬಡಿದರೆ ತೆರೆಯದೆ 112ಕ್ಕೆ ಫೋನ್ ಮಾಡು. ಇಷ್ಟು ಸಣ್ಣದಕ್ಕೆ ಪೊಲೀಸರೇ ಎಂಬ ಸಂಕೋಚ ಬೇಡ. ಶಬ್ದ ಮಾಲಿನ್ಯದ 2000ದ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಎಂಬ ಮಿತಿಯಿದೆ. ಅಳೆಯುವ ಯಂತ್ರ ಯಾರ ಮನೆಯಲ್ಲಿರುತ್ತದೆ, ಅದು ಬೇರೆ ಮಾತು. ಆದರೆ ಹತ್ತು ಗಂಟೆಯೆಂಬ ಗೆರೆ ಇದೆಯೆಂದು ತಿಳಿದಿದ್ದರೆ ಮಾತಿಗೆ ಬಲ ಬರುತ್ತದೆ.

ದೂರು ಕೊಟ್ಟರೆ ಮಾಲೀಕರು ನಿಮ್ಮನ್ನೇ ಖಾಲಿ ಮಾಡಿಸಿಯಾರು ಎಂದೂ ಬರೆದಿದ್ದೀಯ. ದೀಪ ಆರಿಸುವುದರ ಹಿಂದೆ ಈ ಭಯವೂ ಇದೆಯೆಂದು ನನಗೆ ಅನುಮಾನ. ಹನ್ನೊಂದು ತಿಂಗಳ ಕರಾರು ಪತ್ರಗಳಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಕೊಡಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಹುಡುಗರ ಕರಾರಿನಲ್ಲೂ ಇದ್ದೀತು, ಅದನ್ನು ಮಾಲೀಕರಿಗೆ ನೆನಪಿಸಬಹುದು. ಹುಡುಗರೇ ಇರುವ ಮನೆಗಳೆಲ್ಲ ಹೀಗೆಂದು ನಾನು ಒಪ್ಪುವುದಿಲ್ಲ. ನಮ್ಮ ಊರಿನ ಮಕ್ಕಳೂ ಅಲ್ಲಿ ಹಾಗೆಯೇ ಬಾಡಿಗೆಗಿದ್ದು ಓದುತ್ತಿದ್ದಾರೆ. ಆದ್ದರಿಂದ ನಡತೆಯ ಮಾತಷ್ಟೇ ಬರಲಿ, ಜಾತಿ, ಊರುಗಳ ಮಾತು ಬಾರದಿರಲಿ.

ಠಾಣೆಗೆ ಹೋಗಲೇಬೇಕಾದರೆ ಅಕ್ಕಪಕ್ಕದ ಮನೆಯವರ ಸಹಿಯೂ ಅರ್ಜಿಯಲ್ಲಿದ್ದರೆ ಒಳ್ಳೆಯದು. ಒಬ್ಬಳ ತಕರಾರೆಂದರೆ ಬಾಯಿಮಾತಿನಲ್ಲಿ ಸಮಾಧಾನ ಮಾಡಿ ಕಳುಹಿಸುವುದುಂಟು. ದಿನಾಂಕ, ಗಂಟೆ, ನಡೆದದ್ದು ಇಷ್ಟನ್ನೇ ಬರೆದು, ದೂರು ತಲುಪಿತೆಂದು ಠಾಣೆಯವರು ಬರೆದುಕೊಡುವ ಹಿಂಬರಹ ಕೇಳಿ ಪಡೆ. ಆ ಹುಡುಗರು ನಿನ್ನ ಹೆಸರು ಹಿಡಿದು ಕೂಗಿದ ಮಾತನ್ನು ಮಾತ್ರ ನಾಚಿಕೆಯಿಂದ ಬಿಟ್ಟುಬಿಡಬೇಡ; ಹೆಣ್ಣಿನ ಮಾನಕ್ಕೆ ಕುಂದು ತರುವಂಥ ಮಾತು ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮಿನಂತೆ ಅಪರಾಧ. ಪೊಲೀಸರು ಅಂಥವರನ್ನು ಠಾಣೆಗೆ ಕರೆಸಿ, ಇನ್ನು ಹೀಗೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡರೆ ಹಲವು ಸಲ ಅಷ್ಟಕ್ಕೇ ಸರಿಹೋಗುವುದೂ ಉಂಟು.

ಇಷ್ಟಾದರೂ ನಿನಗೆ ಅಲ್ಲಿ ಮನಸ್ಸು ನಿಲ್ಲದಿದ್ದರೆ ಮನೆ ಬದಲಿಸು. ಅದನ್ನು ಸೋಲೆಂದು ಯಾರೂ ಆಡಿಕೊಳ್ಳುವುದಿಲ್ಲ, ಆಡಿಕೊಂಡರೆ ನಾನಿದ್ದೇನೆ. ಅಡ್ವಾನ್ಸಿಗೆ ಹಣ ಕಡಿಮೆ ಬಿದ್ದರೆ ಅಪ್ಪನಿಗೆ ಹೇಳುವ ಮೊದಲು ನನಗೆ ತಿಳಿಸು. ಹೋದರೂ ಇದ್ದರೂ, ಕತ್ತಲೆಯಲ್ಲಿ ಕೂರುವುದು ನಿನಗೆ ಸಹಜವಾಗಿಬಿಡುವ ಮೊದಲೇ ಏನಾದರೊಂದು ನಡೆಯಲಿ ಎಂಬುದಷ್ಟೇ ನನ್ನ ಅವಸರ. ಮಾಲೀಕರ ಫೋನ್ ನಂಬರು ಕಳುಹಿಸು. ನೀನು ಒಪ್ಪಿದರೆ ಮಾತ್ರ ಮಾತನಾಡುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ