ಹೆಂಚು ತೆಗೆದವರಿಗೆ

ಮೊನ್ನೆ ಆದಿತ್ಯವಾರ ದೇವಾಲಯದ ಏಳು ಮೆಟ್ಟಿಲು ಹತ್ತಿದೆ. ಕೈಯಲ್ಲಿ ಕೋಲಿತ್ತು, ಹಿಂದೆಯೇ ಹೆಂಡತಿ ಇದ್ದಳು, ಆದರೂ ಹತ್ತಿದ್ದು ನಾನೇ. ನಮ್ಮ ಸಭಾಪಾಲಕರಾದ ಅಯ್ಯನವರು ಕೃತಜ್ಞತಾ ಕಾಣಿಕೆಯ ಜೊತೆ ನನ್ನ ಹೆಸರು ಓದಿದಾಗ ಎದ್ದು ಎರಡು ಮಾತಾಡಬೇಕೆಂದಿದ್ದೆ. ಗಂಟಲು ಕಟ್ಟಿತು. ಅಲ್ಲಿ ಬಾರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ನಾಲ್ಕು ದಿನ ಭೇದಿಯಾಯಿತು. ಅದು ವಾಸಿಯಾಗಿ ವಾರ ಕಳೆದ ಮೇಲೆ ಪಾದಗಳಲ್ಲಿ ಜುಮುಜುಮು. ಮರುದಿನ ಕಾಲಿನಿಂದ ಚಪ್ಪಲಿ ಜಾರಿದ್ದೇ ತಿಳಿಯಲಿಲ್ಲ. ಮೂರನೆಯ ದಿನ ಬಚ್ಚಲಲ್ಲಿ ಕೂತವನಿಗೆ ಏಳಲು ಆಗಲಿಲ್ಲ. ನಮ್ಮ ಮನೆಗೆ ಆಂಬುಲೆನ್ಸ್ ಬರುವ ದಾರಿಯಿಲ್ಲ, ಸಾಲದ್ದಕ್ಕೆ ಜಡಿಮಳೆ. ನೆರೆಕರೆಯ ನಾಲ್ವರು ಯಾರದೋ ನೀಲಿ ಚಾದರದಲ್ಲಿ ನನ್ನನ್ನು ಮಲಗಿಸಿ, ನಾಲ್ಕು ಮೂಲೆ ಹಿಡಿದು, ಗದ್ದೆಯ ಬದುವಿನ ಮೇಲೆ ರಸ್ತೆಯವರೆಗೆ ಹೊತ್ತರು. ಐದನೆಯವರೊಬ್ಬರು ಕೊಡೆ ಹಿಡಿದು "ನಿಧಾನ, ನಿಧಾನ" ಎಂದು ಕೂಗುತ್ತಾ ಬಂದರು. ಕೊಡೆ ಅವರ ತಲೆಯ ಮೇಲೆಯೇ ಇತ್ತು. ಅವರಿಗೂ ವಂದನೆ. ಆ ಕೂಗು ಕೇಳಿಯೇ ರಸ್ತೆಯಲ್ಲಿದ್ದ ರಿಕ್ಷಾದವರು ಓಡಿಬಂದದ್ದು.

ಕಾಯಿಲೆಯ ಹೆಸರು ಗೀಯಾನ್-ಬಾರೆ ಸಿಂಡ್ರೋಮ್. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ಗುರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಪಾದದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ನನ್ನಲ್ಲಿ ಎದೆಯವರೆಗೂ ಏರಿತು. ಹನ್ನೊಂದು ದಿನ ವೆಂಟಿಲೇಟರ್. ಬೆರಳು ಆಡುವುದಿಲ್ಲ, ಮಾತಿಲ್ಲ, ಆದರೆ ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ. ನೋಡಲು ಬಂದವರೊಬ್ಬರು ಬಾಗಿಲ ಬಳಿ ನಿಂತು "ಏನೋ ಪಾಪ ಮಾಡಿರಬೇಕು" ಎಂದದ್ದೂ ಕೇಳಿತು. ನನ್ನ ಪಾಪಗಳ ಪಟ್ಟಿ ಚಿಕ್ಕದೇನಲ್ಲ, ಒಪ್ಪುತ್ತೇನೆ. ಆದರೆ ಹುಟ್ಟುಕುರುಡನನ್ನು ಕಂಡು ಪಾಪ ಇವನದೋ ಇವನನ್ನು ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ, ಯಾರದೂ ಅಲ್ಲ ಎಂದವನು ಯೇಸುವೇ.

ಇಪ್ಪತ್ತೆರಡು ವರ್ಷ ಭಾನುವಾರ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ ನನ್ನ ಮೆಚ್ಚಿನ ಪಾಠ. ಕಪೆರ್ನೌಮಿನ ಮನೆ, ಬಾಗಿಲಲ್ಲೂ ಜಾಗವಿಲ್ಲದಷ್ಟು ಜನ, ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು. ಒಳಗಿದ್ದ ಯೇಸುವಿನ ಮುಂದೆ ಅವನನ್ನು ಇಳಿಸಲು, ಮಾರ್ಕನ ಪ್ರಕಾರ ಅವರು ಮಾಳಿಗೆಯನ್ನು ತೋಡಿದರು, ಲೂಕನ ಪ್ರಕಾರ ಹೆಂಚು ತೆಗೆದರು. ನಮಗೆ ಲೂಕನೇ ಹತ್ತಿರ. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಎಷ್ಟೋ ಕುಟುಂಬಗಳು ಆ ಮಣ್ಣಿನಲ್ಲೇ ಅನ್ನ ಕಂಡವು. ನನ್ನ ಅಜ್ಜನೂ ಹೆಂಚಿನ ಕೆಲಸದವರು. ಬರೀ ಹೆಂಚು ಸರಿಸಿದರೆ ಮನುಷ್ಯ ಇಳಿಯುವುದಿಲ್ಲ, ರೀಪು ಕೂಡ ಕಡಿಯಬೇಕು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಕೊನೆಗೆ ಒಂದೇ ಪ್ರಶ್ನೆ: "ನೀವೂ ಆ ನಾಲ್ವರಲ್ಲಿ ಒಬ್ಬರಾಗುತ್ತೀರಾ?" ಎಲ್ಲರೂ ಕೈ ಎತ್ತುತ್ತಿದ್ದರು. ಹಾಸಿಗೆಯ ಮೇಲಿದ್ದವನಾಗಲು ಯಾರು ತಯಾರು ಎಂದು ಒಮ್ಮೆಯೂ ಕೇಳಲಿಲ್ಲ. ನನಗೇ ಹೊಳೆದಿರಲಿಲ್ಲ.

ಆ ಪಾಠದಲ್ಲಿ "ಯೇಸು ಅವರ ನಂಬಿಕೆಯನ್ನು ನೋಡಿ" ಎಂದಿದೆ. ಅವನ ಎಂದಲ್ಲ, ಅವರ. ಮಲಗಿದವನೂ ಆ ಲೆಕ್ಕದಲ್ಲಿ ಇದ್ದಿರಬಹುದು, ಬಲ್ಲವರು ಹೇಳಲಿ. ನನ್ನ ಮಟ್ಟಿಗೆ ಹೇಳುವುದಾದರೆ, ಐಸಿಯುವಿನಲ್ಲಿ ನನಗೆ ಪ್ರಾರ್ಥನೆ ಬರಲಿಲ್ಲ. ಕರ್ತನ ಪ್ರಾರ್ಥನೆ ಕೂಡ "ನಮ್ಮ ಅನುದಿನದ ಆಹಾರ" ಎಂಬಲ್ಲಿಗೆ ಬಂದು ಮೂಗಿನ ಕೊಳವೆಯ ನೆನಪಾಗಿ ನಿಂತುಬಿಡುತ್ತಿತ್ತು. ಆ ದಿನಗಳಲ್ಲಿ ನನ್ನ ಪಾಲಿನ ನಂಬಿಕೆಯನ್ನು ಬೇರೆಯವರು ಹೊತ್ತರು.

ಅಯ್ಯನವರೇ, ನೀವು ಬಂದ ದಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ಓದುತ್ತೀರೆಂದು ಕಾಯುತ್ತಿದ್ದೆ. ನೀವು ಎಂಬತ್ತೆಂಟನೆಯದನ್ನು ತೆರೆದಿರಿ. ಸಮಾಧಾನದ ಒಂದು ಮಾತೂ ಇಲ್ಲದೆ, ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಓದಿ, ಏನೂ ವಿವರಿಸದೆ, ನನ್ನ ಹಣೆ ಮುಟ್ಟಿ ಹೊರಟಿರಿ. ಇಂಥದ್ದೂ ಸತ್ಯವೇದದಲ್ಲಿ ಉಂಟಲ್ಲ ಎಂದು ಆ ರಾತ್ರಿ ಮೊದಲ ಬಾರಿಗೆ ನಿದ್ದೆ ಬಂತು.

ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ, ಕಫ ತೆಗೆಯುವ ಮೊದಲು ಪ್ರತಿಸಲವೂ "ಅಂಕಲ್, ಸ್ವಲ್ಪ ಕಷ್ಟ ಆಗ್ತದೆ" ಎಂದು ಹೇಳಿಯೇ ಕೈ ಹಾಕಿದ್ದಕ್ಕೆ ವಂದನೆ. ಫಿಸಿಯೋಥೆರಪಿಯ ಹುಡುಗನಿಗೂ. ಹೆಬ್ಬೆರಳು ಕೂದಲೆಳೆಯಷ್ಟು ಅಲ್ಲಾಡಿದ ದಿನ ಅವನು ಹಾಕಿದ ಕೇಕೆಗೆ ಇಡೀ ವಾರ್ಡ್ ತಿರುಗಿ ನೋಡಿತು.

ಹೆಸರು ಹಿಡಿದು ವಂದಿಸಲು ಆಗದವರೂ ಇದ್ದಾರೆ. ನನಗೆ ಕೊಟ್ಟ ಔಷಧಿ ಇಮ್ಯುನೋಗ್ಲಾಬ್ಯುಲಿನ್. ಎಪ್ಪತ್ತು ಕಿಲೋದ ಈ ದೇಹಕ್ಕೆ ದಿನಕ್ಕೆ 28 ಗ್ರಾಂನಂತೆ ಐದು ದಿನ, ರಕ್ತನಾಳದ ಮೂಲಕ. ಅದನ್ನು ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡುವುದಲ್ಲವಂತೆ. ಸಾವಿರಾರು ಜನ ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ, ಅದರಿಂದ ಬೇರ್ಪಡಿಸಿ ತೆಗೆಯುವುದು. ಡಾಕ್ಟರು ಇದನ್ನು ವಿವರಿಸುವಾಗ ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡುತ್ತಿದ್ದೆ. ಯಾವ ಊರಿನವರೋ, ಯಾವ ದೇವರಿಗೆ ಕೈಮುಗಿಯುವವರೋ, ಯಾರಿಗೂ ಕೈಮುಗಿಯದವರೋ! ಚಾದರ ಹಿಡಿದವರು ನಾಲ್ವರು ಎಂದು ನಾನು ತಪ್ಪು ಲೆಕ್ಕ ಹಾಕಿದ್ದೆ.

ಔಷಧಿಯ ಬಿಲ್ಲು ಲಕ್ಷಗಳಲ್ಲಿ ಬಂತು. ಬೆಳೆ ಹಬ್ಬದ ಏಲಂನಲ್ಲಿ ಒಂದೇ ಸಿಹಿಗುಂಬಳವನ್ನು ಕೊಂಡವರೆಲ್ಲ ಮರಳಿ ಕೊಟ್ಟು, ಒಂಬತ್ತು ಸಲ ಕೂಗಿಸಿದಿರಂತೆ. ಸ್ತ್ರೀಯರ ಸಂಘದವರು ಮೂರು ತಿಂಗಳು ಸರದಿಯ ಮೇಲೆ ಗಂಜಿ, ಚಟ್ನಿ ಕಳಿಸಿದಿರಿ. ಮೊದಮೊದಲು ನನಗೆ ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಕೊಟ್ಟು ಅಭ್ಯಾಸವಿದ್ದ ಕೈಗೆ ತೆಗೆದುಕೊಳ್ಳುವುದು ಬಾರದು. "ಒಬ್ಬರು ಮತ್ತೊಬ್ಬರ ಭಾರವನ್ನು ಹೊತ್ತುಕೊಳ್ಳಿರಿ" ಎಂದು ಪೌಲನು ಗಲಾತ್ಯದವರಿಗೆ ಬರೆದದ್ದನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ! ಹೊರುವವನಿಗೆ ಹೇಳಿದಷ್ಟೇ, ಹೊರಲು ಬಿಡುವವನಿಗೂ ಅದು ಹೇಳುತ್ತದೆ ಎಂದು ಚಮಚದಲ್ಲಿ ಗಂಜಿ ಕುಡಿಸಿಕೊಳ್ಳುವಾಗ ಅರ್ಥವಾಯಿತು.

ಇನ್ನು ಆ ಮನೆಯ ಯಜಮಾನ. ಮಾಡು ಒಡೆದದ್ದಕ್ಕೆ ಅವನು ಏನೆಂದ, ಆಮೇಲೆ ಯಾರು ರಿಪೇರಿ ಮಾಡಿದರು ಎಂದು ಸುವಾರ್ತೆಯಲ್ಲಿ ಒಂದಕ್ಷರವಿಲ್ಲ. ಹೆಂಚಿನವರ ಮೊಮ್ಮಗನಿಗೆ ಅದೊಂದು ಕೊರಗು. ನಮ್ಮ ಮನೆಯಲ್ಲಿ ಆ ಯಜಮಾನ ನನ್ನ ಹೆಂಡತಿ. ಚಾವಡಿ ಆಸ್ಪತ್ರೆಯ ಕೋಣೆಯಾಯಿತು, ಅಡುಗೆಮನೆಗೆ ಯಾರು ಯಾರೋ ಬಂದು ಹೋದರು, ಉಪ್ಪಿನ ಡಬ್ಬ ಎಲ್ಲಿದೆಯೆಂದು ಅವಳೇ ಹುಡುಕಬೇಕಾಯಿತು. ಹೊತ್ತವರನ್ನೆಲ್ಲ ಜನ ಹೊಗಳಿದರು, ಮಾಡಿನಲ್ಲಿ ಬಿದ್ದ ತೂತಿನ ಕೆಳಗೆ ಏಳು ತಿಂಗಳು ಸುಮ್ಮನೆ ಗುಡಿಸಿದವಳು ಇವಳು. ಇದನ್ನು ಓದಿದರೆ "ಇದೆಲ್ಲ ಬರೆಯಲಿಕ್ಕೆ ಉಂಟಾ?" ಎನ್ನುತ್ತಾಳೆ. ಉಂಟು.

ಕಡೆಯದಾಗಿ ಒಂದು ವಿಚಾರಣೆ. ಆ ದಿನ ನನ್ನನ್ನು ಹೊತ್ತ ನೀಲಿ ಚಾದರವನ್ನು ಒಗೆದು, ಇಸ್ತ್ರಿ ಹಾಕಿ ಇಟ್ಟಿದ್ದೇವೆ. ಅಂಚಿನಲ್ಲಿ ಬಿಳಿ ಹೂವು, ಒಂದು ಮೂಲೆ ಸ್ವಲ್ಪ ಹರಿದಿದೆ. ಯಾರ ಮನೆಯ ಹಗ್ಗದಿಂದ ಎಳೆದು ತಂದದ್ದೆಂದು ಹೊತ್ತವರಿಗೂ ನೆನಪಿಲ್ಲ. ನಿಮ್ಮದಾದರೆ ದಯವಿಟ್ಟು ತಿಳಿಸಿ. ತೆಗೆದುಕೊಂಡು ಹೋಗಲು ನೀವು ಬರುವುದು ಬೇಡ, ನಾನೇ ನಡೆದುಕೊಂಡು ಬಂದು ಕೊಡುತ್ತೇನೆ.