ಅವರ ಹಾಡನ್ನೂ ವಿಚಾರಿಸು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ಪೂರ್ವ ಕೆಂಟಕಿಯ ಆಸ್ಪತ್ರೆಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ವೃತ್ತಿಜೀವನದ ಬಹುಭಾಗ ಕಳೆದದ್ದು ಅದೇ ಬೆಟ್ಟಗಳ ನಡುವೆ. ಔಷಧದ ವಿಚಾರದಲ್ಲಿ ನಿನಗೆ ನಾನು ಹೇಳಿಕೊಡಬೇಕಾದದ್ದು ಏನೂ ಇಲ್ಲ, ನೀನು ಕಲಿತದ್ದು ನನಗಿಂತ ಹೊಸ ವಿದ್ಯೆ. ಆದರೆ ಅಲ್ಲಿಗೆ ಹೋಗುವ ಮೊದಲು ಆ ಸೀಮೆಯ ಹಳೆಯ ‘ಕಂಟ್ರಿ’ ಹಾಡುಗಳನ್ನು, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳನ್ನು, ಮನಸ್ಸಿಟ್ಟು ಕೇಳು. ರೋಗಿಯ ಎದುರು ಕುಳಿತಾಗ ಅವರ ಕಾಯಿಲೆಯ ಜೊತೆಗೆ ಅವರ ಹಾಡನ್ನೂ ವಿಚಾರಿಸು.

ಅಮೆರಿಕದ 1965ರ ವಲಸೆ ಕಾನೂನಿನ ನಂತರ ನಮ್ಮಂಥ ಎಷ್ಟೋ ಭಾರತೀಯ ವೈದ್ಯರು ಹೋಗಿ ನೆಲೆಸಿದ್ದು ಇಂಥ ಕಲ್ಲಿದ್ದಲು ಗಣಿ ಊರುಗಳಲ್ಲಿ. ಅಲ್ಲಿನ ಜನ ಹೊಸಬರ ಮುಂದೆ ಬೇಗ ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ದೇಶದ ಉಳಿದವರು ಅವರ ಮಾತಿನ ರಾಗವನ್ನು, ಅವರ ಬಡತನವನ್ನು ತಲೆಮಾರುಗಳಿಂದ ಆಡಿಕೊಂಡು ನಕ್ಕಿದ್ದಾರೆ. ಕೆಮ್ಮು ಹೇಗಿದೆ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ, ಉಸಿರಿಗಾಗಿ ಭುಜವೆತ್ತಿ ಒದ್ದಾಡುತ್ತಿದ್ದರೂ ಅಷ್ಟೇ. ಅದೇ ಮನುಷ್ಯನನ್ನು, ಚಿಕ್ಕಂದಿನಲ್ಲಿ ಶನಿವಾರ ರಾತ್ರಿ ರೇಡಿಯೋದಲ್ಲಿ ಯಾರ ಹಾಡು ಕೇಳುತ್ತಿದ್ದಿರಿ ಎಂದು ಕೇಳಿ ನೋಡು. ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಕಂಟ್ರಿ ಹಾಡುಗಳ ರೇಡಿಯೋ ಕಾರ್ಯಕ್ರಮ ಶುರುವಾದದ್ದು 1925ರಲ್ಲಿ. ಅದನ್ನು ಬಿತ್ತರಿಸುವ ಡಬ್ಲ್ಯುಎಸ್ಎಂ ಕೇಂದ್ರದ ಶಕ್ತಿ 50,000 ವಾಟ್. ರಾತ್ರಿ ಹೊತ್ತು ಅದರ ಧ್ವನಿ ಬೆಟ್ಟ ದಾಟಿ ಎಷ್ಟೋ ರಾಜ್ಯಗಳಿಗೆ ಕೇಳುತ್ತಿತ್ತು. ವಿದ್ಯುತ್ ಇಲ್ಲದ ಕೊಳ್ಳದಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಬ್ಯಾಟರಿ ರೇಡಿಯೋ, ಸುತ್ತಲಿನವರೆಲ್ಲ ಅಲ್ಲೇ ಸೇರುತ್ತಿದ್ದರು ಎಂದು ಒಬ್ಬ ಮುದುಕರು ನನಗೆ ಹೇಳಿದ್ದರು. ರೇಡಿಯೋದಿಂದ ಅವರ ಮಾತು ತಮ್ಮ ಅಣ್ಣಂದಿರಿಗೆ ಹರಿಯಿತು, ಅಣ್ಣಂದಿರಿಂದ ಗಣಿಗೆ. ಯಾವ ಗಣಿ, ಎಷ್ಟು ವರ್ಷ, ಕೊರೆಯುವ ಕೆಲಸವೋ ಚಾವಣಿಗೆ ಬೋಲ್ಟ್ ಹಾಕುವ ಕೆಲಸವೋ, ಎಲ್ಲ ತಾನಾಗಿಯೇ ಬಂತು. ಬ್ಲ್ಯಾಕ್ ಲಂಗ್ ಎಂದು ಅಲ್ಲಿ ಕರೆಯುವ, ಕಲ್ಲಿದ್ದಲು ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ 1969ರ ಕಾನೂನಿನಿಂದ ಪರಿಹಾರ ಬಂತಲ್ಲ, ಅದಕ್ಕೆ ಅರ್ಜಿ ಹಾಕಲು ಬೇಕಾಗಿದ್ದುದು ಇದೇ ವಿವರ. ನನ್ನ ಮುದ್ರಿತ ಪ್ರಶ್ನಾವಳಿಯಿಂದ ಅದರಲ್ಲಿ ಅರ್ಧವೂ ಹೊರಬಂದಿರಲಿಲ್ಲ.

ಮೊದಲು ಲೊರೆಟ್ಟಾ ಲಿನ್ ಅವರ ‘ಕೋಲ್ ಮೈನರ್ಸ್ ಡಾಟರ್’ ಕೇಳು. 1970ರ ಹಾಡು. ಅವರು ಹುಟ್ಟಿದ್ದು ಪೂರ್ವ ಕೆಂಟಕಿಯ ಬುಚರ್ ಹಾಲರ್ ಎಂಬ ಕೊಳ್ಳದಲ್ಲಿ, ಎಂಟು ಮಕ್ಕಳಲ್ಲಿ ಎರಡನೆಯವರಾಗಿ. ತಂದೆ ವ್ಯಾನ್ ಲಿಯರ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಬೇಸಿಗೆಯೆಲ್ಲ ಬರಿಗಾಲು, ಚಳಿಗಾಲ ಬಂದಾಗ ಹಂದಿ ಮಾರಿದ ಹಣದಲ್ಲಿ ಮಕ್ಕಳಿಗೆಲ್ಲ ಹೊಸ ಶೂ ಎಂಬುದನ್ನು ಆ ಹೆಣ್ಣುಮಗಳು ಯಾವ ಅಳುಕೂ ಇಲ್ಲದೆ ಹಾಡುತ್ತಾರೆ. ಬಡತನವನ್ನು ತಲೆಯೆತ್ತಿ ಹೇಳಿಕೊಳ್ಳುವ ಆ ದನಿ ನನಗೆ ತುಂಬಾ ದೊಡ್ಡದೆನಿಸುತ್ತದೆ. ನನ್ನ ಹೆಣ್ಣುರೋಗಿಗಳು ಅದನ್ನು ತಮ್ಮದೇ ಮನೆಯ ಕತೆ ಎಂಬಂತೆ ಹೇಳಿಕೊಳ್ಳುತ್ತಿದ್ದರು. ಅವರ ಮುಂದೆ ಈ ಸಂಗೀತವನ್ನು ಹಳ್ಳಿಗರ ಗೋಳು ಎಂದು ಅಪ್ಪಿತಪ್ಪಿಯೂ ಹಗುರವಾಗಿ ಮಾತನಾಡಬೇಡ.

ಒಂದು ಲೆಕ್ಕ ನೆನಪಿಟ್ಟುಕೋ. ಹದಿಹರೆಯದಿಂದ ಮೂವತ್ತರ ಒಳಗೆ ಕೇಳಿದ ಹಾಡುಗಳು ಮನುಷ್ಯನ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಈಗ ಎಂಬತ್ತರ ಆಸುಪಾಸಿನಲ್ಲಿರುವವರಿಗೆ ಅದು 1960ರ ದಶಕ: ಪ್ಯಾಟ್ಸಿ ಕ್ಲೈನ್, ಜಾನಿ ಕ್ಯಾಶ್, ಚಾರ್ಲಿ ಪ್ರೈಡ್ ಹಾಡುತ್ತಿದ್ದ ಕಾಲ. ಅವರಿಗಿಂತ ಹಿಂದಿನ ಗಾಯಕ ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದು 1953ರ ಹೊಸವರ್ಷದ ದಿನ, ಇನ್ನೂ 29ರ ಪ್ರಾಯದಲ್ಲಿ. ಅವರ ಹಾಡು ಹಾಕಿದರೆ ಇವರಿಗೆ ನೆನಪಾಗುವುದು ತಮ್ಮ ಯೌವನವಲ್ಲ, ಅಪ್ಪ ಅಮ್ಮ. ಅದೂ ಒಳ್ಳೆಯದೇ, ಆದರೆ ಯಾವ ಬಾಗಿಲು ತಟ್ಟುತ್ತಿದ್ದೇನೆ ಎಂಬುದು ನಿನಗೆ ಗೊತ್ತಿರಬೇಕು. ಮರೆವಿನ ಕಾಯಿಲೆಯವರಲ್ಲಿ ಮಕ್ಕಳ ಹೆಸರು ಅಳಿಸಿಹೋದ ಮೇಲೂ ಹಾಡಿನ ಸಾಲುಗಳು ಉಳಿದಿರುವುದನ್ನು ನೀನೇ ನೋಡುತ್ತೀಯೆ.

ನನ್ನ ಹಾಡು ಯಾವುದೆಂದು ಕೇಳುತ್ತೀಯಾ? 1963ರಲ್ಲಿ ಬಾಬಿ ಬೇರ್ ಹಾಡಿದ ‘ಡೆಟ್ರಾಯಿಟ್ ಸಿಟಿ’. ದಕ್ಷಿಣದ ಹಳ್ಳಿ ಬಿಟ್ಟು ಉತ್ತರದ ಕಾರು ಕಾರ್ಖಾನೆಗೆ ಹೋದ ಹುಡುಗನೊಬ್ಬ ಮನೆಗೆ ಕಾಗದ ಬರೆಯುತ್ತಾನೆ. ಮನೆಯವರು ಅವನು ಅಲ್ಲಿ ದೊಡ್ಡ ಮನುಷ್ಯನಾಗಿದ್ದಾನೆಂದು ನಂಬಿದ್ದಾರೆ. ಕಾಗದದಲ್ಲಿಲ್ಲದ ಸಂಗತಿಯನ್ನು ಅವನು ಹಾಡಿನಲ್ಲಿ ಹೇಳುತ್ತಾನೆ. ಕೆಂಟಕಿಯಿಂದಲೂ ಸಾವಿರಾರು ಕುಟುಂಬಗಳು 23ನೇ ಹೆದ್ದಾರಿ ಹಿಡಿದು ಒಹಾಯೊ, ಮಿಷಿಗನ್‌ಗೆ ಹಾಗೆ ಹೋದವು. ನನ್ನ ಮೊದಲ ಚಳಿಗಾಲದಲ್ಲಿ, ಬಾಡಿಗೆ ಕೋಣೆಯ ಗೋಡೆಯಾಚೆಯಿಂದ ಆ ಹಾಡು ಕೇಳಿದಾಗ ನಾನು ಅಮ್ಮನಿಗೆ ಏರೋಗ್ರಾಮ್ ಬರೆಯುತ್ತಿದ್ದೆ. ಇಲ್ಲಿ ಎಲ್ಲವೂ ಸೌಖ್ಯ, ಊಟಕ್ಕೇನೂ ತೊಂದರೆಯಿಲ್ಲ ಎಂದು. ಆ ನೀಲಿ ಹಾಳೆಯಲ್ಲಿ ನನ್ನ ಒಂಟಿತನಕ್ಕೆ ಜಾಗವಿರಲಿಲ್ಲ. ಇಂದಿಗೂ ಆ ರಾಗ ಬಂದರೆ ಅಂಟು ಹಚ್ಚಿದ ಆ ಹಾಳೆಯ ರುಚಿ ನಾಲಿಗೆಗೆ ಬರುತ್ತದೆ. ಗಣಿ ಬಿಟ್ಟು ಊರೂರು ಅಲೆದು ಮರಳಿದ ರೋಗಿಗಳಿಗೆ ಇದನ್ನು ಹೇಳಿದಾಗಲೇ ಅವರು ನನ್ನನ್ನು ತಮ್ಮವನೆಂದು ನೋಡಿದ್ದು.

ಇನ್ನೊಂದು ಮಾತು, ಇದನ್ನು ಜೋಪಾನವಾಗಿ ಕೇಳು. ಕಾರ್ಟರ್ ಫ್ಯಾಮಿಲಿ ಎಂಬ ಗಾಯಕ ತಂಡ 1935ರಲ್ಲಿ ಧ್ವನಿಮುದ್ರಿಸಿದ ‘ಕ್ಯಾನ್ ದ ಸರ್ಕಲ್ ಬಿ ಅನ್‌ಬ್ರೋಕನ್’ ಎಂಬ ಹಾಡಿನಲ್ಲಿ ತಾಯಿಯ ಶವವನ್ನು ಒಯ್ಯಲು ಬರುವ ಗಾಡಿಯನ್ನು ಮಗು ಕಿಟಕಿಯಿಂದ ನೋಡುತ್ತದೆ. ಅಮ್ಮ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಊರಿನಲ್ಲಿ ಸಂಸ್ಕಾರ ಮುಗಿದಿತ್ತು. ಅದೇ ತಿಂಗಳು ರೋಗಿಯೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದಾಗ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಆ ಹಾಡು ಹಾಡಿದರು. ನಾನು ನೋಡದ ಆ ಗಾಡಿಯನ್ನು ಅವತ್ತು ನೋಡಿದೆ. ಪಕ್ಕದಲ್ಲಿದ್ದ ಅಪರಿಚಿತ ಮುದುಕಿ ನನ್ನ ಕೈ ಹಿಡಿದುಕೊಂಡರು, ಹಾಡು ಮುಗಿಯುವವರೆಗೂ ಬಿಡಲಿಲ್ಲ. ಅವರ ಉಪಕಾರವನ್ನು ನಾನು ಮರೆತಿಲ್ಲ. ಆದರೂ ಯಾರಾದರೂ ಮುನ್ಸೂಚನೆಯಿಲ್ಲದೆ ಆ ಹಾಡು ಹಾಕಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ನೀನು ಯಾರಿಗೂ ಕೇಳದೆ ಹಾಡು ಹಾಕಬೇಡ. ‘ಇದು ಬೇಕೇ, ಬೇಡವೇ?’ ಎಂದು ಕೇಳು. ಬೇಡವೆಂದರೆ ಕಾರಣ ಕೆದಕಬೇಡ. ಅತ್ತರೆ ಗಾಬರಿಯಾಗಿ ನಿಲ್ಲಿಸಬೇಡ, ಕಣ್ಣೀರು ಬಂದದ್ದೆಲ್ಲ ನೋವೇ ಆಗಿರುವುದಿಲ್ಲ. ಮುಖ ನೋಡು, ಕೈಯ ಹಿಡಿತ ನೋಡು, ಉಸಿರು ನೋಡು.

ಸಮಯ ಎಲ್ಲಿದೆ ದೊಡ್ಡಪ್ಪ ಎನ್ನುತ್ತೀಯೆ, ಗೊತ್ತು. ರಕ್ತದೊತ್ತಡದ ಪಟ್ಟಿ ಕಟ್ಟುವಾಗ ಒಂದು ಪ್ರಶ್ನೆ ಸಾಕು. ಅವರು ಹೇಳಿದ ಹಾಡಿನ ಹೆಸರನ್ನು ಗುರುತು ಹಾಕಿಕೋ, ಮುಂದಿನ ಭೇಟಿಗೆ ಮೊದಲು ಕೇಳಿಕೊಂಡು ಹೋಗು. ಡಾಕ್ಟರ್ ತಮ್ಮ ಹಾಡು ಕೇಳಿ ಬಂದಿದ್ದಾರೆಂದು ತಿಳಿದರೆ ಮುಚ್ಚಿಟ್ಟ ಎದೆನೋವನ್ನೂ ಹೇಳುತ್ತಾರೆ.

ಅಭ್ಯಾಸಕ್ಕೆ ಬೇರೆಯವರನ್ನು ಹುಡುಕಬೇಡ, ನಿನ್ನ ಅಪ್ಪನೇ ಇದ್ದಾನೆ. ನಾವು ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಅಲ್ಲಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕಂಟ್ರಿ ಗಾಯಕ ಜಿಮ್ ರೀವ್ಸ್ ಎಂದರೆ ಪ್ರಾಣ. 1964ರಲ್ಲಿ ಆತ ವಿಮಾನ ಅಪಘಾತದಲ್ಲಿ ತೀರಿಹೋದಾಗ ನಮ್ಮ ಬೀದಿಯಲ್ಲೂ ದುಃಖಪಟ್ಟವರಿದ್ದರು. ನಿನ್ನ ಅಪ್ಪ ಪಕ್ಕದ ಮನೆಯ ರೆಕಾರ್ಡ್ ಪ್ಲೇಯರ್ ಮುಂದೆ ಕುಳಿತು ‘ಹಿ’ಲ್ ಹ್ಯಾವ್ ಟು ಗೋ’ ಪೂರ್ತಿ ಬಾಯಿಪಾಠ ಮಾಡಿದ್ದ. ನಿನ್ನ ಅಜ್ಜಿಯ ಬಗ್ಗೆ ನನಗೂ ಗೊತ್ತಿಲ್ಲದ ಸಂಗತಿಗಳು ಅವನ ಬಳಿ ಇವೆ. ಕೊನೆಯ ದಿನಗಳಲ್ಲಿ ಹತ್ತಿರವಿದ್ದವನು ಅವನೇ. ಈ ಭಾನುವಾರ ಫೋನ್ ಮಾಡಿ ಮೊದಲು ಆ ಹಾಡಿನ ವಿಷಯ ತೆಗೆ, ಆಮೇಲೆ ಸುಮ್ಮನೆ ಕೇಳುತ್ತಾ ಹೋಗು. ಅವನು ಹೇಳಿದ್ದನ್ನು ಬರೆದಿಟ್ಟು ನನಗೂ ಒಂದು ಪ್ರತಿ ಕಳಿಸು.

ಇಂತು ನಿನ್ನ ಹಿತ ಬಯಸುವ
ದೊಡ್ಡಪ್ಪ